ಹಳೇ ಮನೆಯ ಕಿಟಕಿಗೆ ಒಳಕಿಟಕಿ: ರಸ್ತೆ ಸದ್ದಿಗೆ ಯಾವುದು ತಡೆ, ಯಾವುದು ದಂಡ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಮನೆಗಳ ಕಿಟಕಿ ಹೆಚ್ಚುಕಮ್ಮಿ ಒಂದೇ ಜಾತಿ. ತೇಗದ ಚೌಕಟ್ಟು, ಅದರಲ್ಲೇ ನೆಟ್ಟ ಕಬ್ಬಿಣದ ಸರಳು, ಆಚೆ ತೆರೆಯುವ ಎರಡು ರೆಕ್ಕೆ, ರೆಕ್ಕೆಯಲ್ಲಿ 3 ಮಿ.ಮೀ. ಗಾಜು, ಮೇಲೊಂದು ಬೆಳಕಿಂಡಿ. ಬೀದಿಯಲ್ಲಿ ಜಟಕಾ ಓಡುತ್ತಿದ್ದ ಕಾಲಕ್ಕೆ ಗಾಳಿ ಬರಲೆಂದು ಮಾಡಿದ ಕಿಟಕಿ ಅದು. ಈಗ ಅದೇ ಬೀದಿಯಲ್ಲಿ ಬಸ್ಸು, ಕಸದ ಲಾರಿ, ಸೈಲೆನ್ಸರ್ ತೆಗೆಸಿದ ಬೈಕು. ಕಿಟಕಿ ಕಂಪನಿಗಳನ್ನು ಕೇಳಿದರೆ ಹಳೆಯದನ್ನು ಕಿತ್ತು ಹೊಸ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ಕಿನ) ಕಿಟಕಿ ಹಾಕಿಸಿ ಎನ್ನುತ್ತವೆ. ಹಾಗೆ ಮಾಡಿದರೆ ತೇಗವೂ ಹೋಯಿತು, ಸರಳೂ ಹೋಯಿತು, ಸುತ್ತಲಿನ ಗಾರೆಯೂ ಉದುರಿತು. ಇಷ್ಟೆಲ್ಲ ಮಾಡಿದ ಮೇಲೂ, ಸದ್ದಿನ ಮಟ್ಟಿಗೆ, ಹಳೆಯದನ್ನು ಇದ್ದಲ್ಲೇ ಬಿಟ್ಟು ಒಳಗಡೆ ಇನ್ನೊಂದು ಕಿಟಕಿ ಕೂರಿಸಿದಷ್ಟು ಫಲ ಸಿಗುವುದಿಲ್ಲ. ಈ ಎರಡನೇ ಕಿಟಕಿಗೆ ಸೆಕೆಂಡರಿ ಗ್ಲೇಜಿಂಗ್ ಎಂದು ಹೆಸರು. ಸಂರಕ್ಷಿತ ಕಟ್ಟಡಗಳ ಕಿಟಕಿಯನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲದ ಬ್ರಿಟನ್‌ನಲ್ಲಿ ಇದು ಬಹಳ ಕಾಲದಿಂದ ಬಳಕೆಯಲ್ಲಿದೆ. ಇಲ್ಲಿ ಒಳಕಿಟಕಿ ಎಂದೇ ಕರೆಯೋಣ.

ಬೆಂಗಳೂರಿನ ಫ್ಯಾಬ್ರಿಕೇಟರ್‌ಗಳು ಮಾಡಿಕೊಡುವ ನಾಲ್ಕು ಬಗೆಯ ಒಳಕಿಟಕಿಗಳ ವಿಮರ್ಶೆ ಇದು. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಇದರಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಎರಡು ಗಾಜಿನ ನಡುವಿನ ಅಂತರ ಮತ್ತು ಸುತ್ತಲಿನ ಬಿಗಿಯನ್ನು. ಗಾಜಿನ ಸರದಿ ಆಮೇಲೆ. ಅಂಗಡಿಯವರು ಗಾಜಿನ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಾರೆ, ಏಕೆಂದರೆ ಚದರಡಿ ಲೆಕ್ಕದಲ್ಲಿ ಮಾರಲು ಬರುವುದು ಗಾಜು ಮಾತ್ರ.

ಬಿರುಕಿನ ಲೆಕ್ಕ

4 ಅಡಿ ಎತ್ತರ, 3 ಅಡಿ ಅಗಲದ ಕಿಟಕಿ ತೆಗೆದುಕೊಳ್ಳಿ. ಸುತ್ತಳತೆ 14 ಅಡಿ. ರೆಕ್ಕೆಗೂ ಚೌಕಟ್ಟಿಗೂ ನಡುವೆ ಸುತ್ತಲೂ ಬರೀ ಎರಡೂವರೆ ಮಿ.ಮೀ. ಸಂದಿ ಇದ್ದರೂ ಒಟ್ಟು ಸೇರಿ ಕಿಟಕಿಯ ವಿಸ್ತೀರ್ಣದ ಶೇ. 1ರಷ್ಟು ತೂತಾಯಿತು. ಶೇ. 1 ತೂತಿರುವ ಕಿಟಕಿ 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ತಡೆಯಲಾರದು. ಅದರಲ್ಲಿ ಹನ್ನೆರಡು ಮಿ.ಮೀ. ಗಾಜು ಹಾಕಿದರೂ ಅಷ್ಟೇ. ತೂತು ಶೇ. 0.1ಕ್ಕೆ ಇಳಿದರೆ ಮಿತಿ 30ಕ್ಕೆ ಏರುತ್ತದೆ. ಐವತ್ತು ಅರವತ್ತು ವರ್ಷದ ಮರದ ರೆಕ್ಕೆಯಲ್ಲಿ ಎರಡೂವರೆ ಮಿ.ಮೀ. ಸಂದಿ ಎಂದರೆ ಒಳ್ಳೆಯ ಸ್ಥಿತಿ. ಹೆಚ್ಚಿನವುಗಳಲ್ಲಿ ಎರಡು ರೆಕ್ಕೆ ಕೂಡುವ ನಡುಗೀಟಿನಲ್ಲೇ ಪೆನ್ಸಿಲ್ ತೂರಿಸಬಹುದು.

ಆದ್ದರಿಂದ ಒಳಕಿಟಕಿಗೆ ಮುಂಚೆ ಹೊರಕಿಟಕಿಯ ರಿಪೇರಿ. ಕಳಚಿ ಕಟಕಟ ಎನ್ನುವ ಗಾಜುಗಳಿಗೆ ಹೊಸ ಪುಟ್ಟಿ, ಇಲ್ಲವೆ ನ್ಯೂಟ್ರಲ್ (ವಿನೆಗರ್ ವಾಸನೆಯಿಲ್ಲದ) ಸಿಲಿಕೋನ್. ತೋಡಿನಲ್ಲಿ ಜಾಗವಿದ್ದರೆ 3 ಮಿ.ಮೀ. ಗಾಜು ತೆಗೆದು 5 ಮಿ.ಮೀ. ಹಾಕಿಸಬಹುದು. ಜೋತುಬಿದ್ದ ಹಿಂಜಿಗೆ ಉದ್ದದ ಸ್ಕ್ರೂ. ಸುತ್ತ ಡಿ ಆಕಾರದ ಇಪಿಡಿಎಂ ರಬ್ಬರ್ ಪಟ್ಟಿ, ಸ್ಪಂಜಿನದ್ದಲ್ಲ. ಸ್ಪಂಜು ಒಂದೇ ವರ್ಷದಲ್ಲಿ ಪುಡಿಯಾಗುತ್ತದೆ. ಚಿಲಕ ಬೀಳುವ ತೂತನ್ನು ಒಂದೆರಡು ಮಿ.ಮೀ. ಒಳಗೆ ಸರಿಸಿದರೆ ರೆಕ್ಕೆ ರಬ್ಬರನ್ನು ಒತ್ತಿಕೊಂಡು ನಿಲ್ಲುತ್ತದೆ. ಒಂದು ಎಚ್ಚರಿಕೆ: ಮಾರ್ಚ್ ಬಿಸಿಲಲ್ಲಿ ಮರ ಒಣಗಿ ಕುಗ್ಗಿರುವಾಗ ದಪ್ಪ ರಬ್ಬರ್ ಅಂಟಿಸಿದರೆ ಜುಲೈಯಲ್ಲಿ ಮರ ಉಬ್ಬಿ ಕಿಟಕಿ ಮುಚ್ಚುವುದೇ ಇಲ್ಲ. ಆಗ ಯಾರಾದರೂ ರೆಕ್ಕೆಯ ಅಂಚನ್ನು ಉಜ್ಜುಗೊರಡಿನಿಂದ ಹೆರೆಯುತ್ತಾರೆ, ಬೇಸಿಗೆಗೆ ಸಂದಿ ದುಪ್ಪಟ್ಟಾಗುತ್ತದೆ. ಒತ್ತಿದರೆ ಅರ್ಧಕ್ಕೆ ತಗ್ಗುವ ಟೊಳ್ಳು ಪಟ್ಟಿಯನ್ನೇ ಆರಿಸಿ.

ಇಷ್ಟು ಕೆಲಸಕ್ಕೆ ಒಬ್ಬ ಬಡಗಿ, ಒಂದು ದಿನ ಸಾಕು. ಕೆಲವು ಮನೆಗಳಲ್ಲಿ ಇದೇ ಸಾಲುತ್ತದೆ. ಸಂದಿ ಮುಚ್ಚಿದ ಮೇಲೂ ನಿದ್ದೆ ಕೆಡುತ್ತಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಅಂತರ ಯಾಕೆ ಬೇಕು

ಎರಡು ಗಾಜು, ನಡುವೆ ಗಾಳಿ. ಗಾಜುಗಳು ತೂಕ, ಗಾಳಿ ಸ್ಪ್ರಿಂಗ್. ಈ ಜೋಡಿಗೆ ಒಂದು ಸ್ವಂತ ಕಂಪನವಿರುತ್ತದೆ. ಆ ಕಂಪನಾಂಕದ ಸದ್ದನ್ನು ಜೋಡಿ ತಡೆಯುವುದಿಲ್ಲ, ಒಳಗೆ ದಾಟಿಸುತ್ತದೆ. ಮಾರುಕಟ್ಟೆಯ ಡಬಲ್ ಗ್ಲಾಸ್ ಯೂನಿಟ್ಟಿನಲ್ಲಿ ಎರಡು 5 ಮಿ.ಮೀ. ಗಾಜು, ನಡುವೆ 12 ಮಿ.ಮೀ. ಅಂತರ ಇದ್ದರೆ ಅದರ ಕಂಪನಾಂಕ ಸುಮಾರು 220 ಹರ್ಟ್ಸ್. ವಾಹನಗಳ ಗುಂಯ್ ಸದ್ದು ದಂಡಿಯಾಗಿರುವ ಜಾಗವೇ ಅದು. ಡಬಲ್ ಗ್ಲಾಸ್ ಹಾಕಿಸಿ ನಿರಾಶರಾದವರ ದೂರಿಗೆ ಮೂಲ ಇಲ್ಲಿದೆ. ಆ ಯೂನಿಟ್ಟು ಹುಟ್ಟಿದ್ದು ಚಳಿ ದೇಶಗಳಲ್ಲಿ ಶಾಖ ಉಳಿಸಲು, ಸದ್ದು ತಡೆಯಲು ಅಲ್ಲ.

ಹಳೇ 3 ಮಿ.ಮೀ. ಹೊರಗಾಜು, 6.38 ಮಿ.ಮೀ. ಲ್ಯಾಮಿನೇಟೆಡ್ (ಎರಡು ಗಾಜು ಸೇರಿಸಿ ಅಂಟಿಸಿದ) ಒಳಗಾಜು ಎಂದಿಟ್ಟುಕೊಂಡರೆ 50 ಮಿ.ಮೀ. ಅಂತರಕ್ಕೆ ಕಂಪನಾಂಕ 120ರ ಆಸುಪಾಸು, 100 ಮಿ.ಮೀ.ಗೆ 85, 150ಕ್ಕೆ 70. ಕೆಳಕ್ಕೆ ಇಳಿದಷ್ಟೂ ಒಳ್ಳೆಯದು. 100 ಮಿ.ಮೀ. ಇದ್ದರೆ ಖರ್ಚಿಗೆ ಮೋಸವಿಲ್ಲ, 150 ಸಿಕ್ಕರೆ ಬಿಡಬೇಡಿ, 200 ದಾಟಿದ ಮೇಲೆ ಲಾಭ ಸಣ್ಣದು. 50ಕ್ಕಿಂತ ಕಡಿಮೆ ಎಂದರೆ ಕೆಲಸವನ್ನೇ ಕೈಬಿಡುವುದು ವಾಸಿ.

ಈ ವಿಷಯದಲ್ಲಿ ಹಳೇ ಮನೆಗೇ ಅದೃಷ್ಟ. 14 ಇಂಚಿನ ಗೋಡೆಯಲ್ಲಿ ಚೌಕಟ್ಟು ಹೊರಮೈಗೆ ಸಮನಾಗಿ ಕೂತಿದ್ದರೆ ಒಳಗೆ ಹತ್ತು ಇಂಚಿನಷ್ಟು ಕಿಟಕಿ ಕಟ್ಟೆ ಇರುತ್ತದೆ. ಮಕ್ಕಳು ಕೂತು ಓದುವ ಜಾಗ. 9 ಇಂಚಿನ ಗೋಡೆಯಲ್ಲಿ, 4 ಇಂಚಿನ ಚೌಕಟ್ಟು ಕಳೆದರೆ, 5 ಇಂಚು ಉಳಿಯುತ್ತದೆ. ಅದರಲ್ಲಿ 60 ಮಿ.ಮೀ. ಯುಪಿವಿಸಿ ಫ್ರೇಮು ಕೂರಿಸಿದರೂ ಗಾಜಿನಿಂದ ಗಾಜಿಗೆ 100 ಮಿ.ಮೀ. ಹೊಂದುತ್ತದೆ. ಅಳೆಯುವುದು ಸರಳಿನಿಂದಲ್ಲ, ಹೊರಗಾಜಿನ ಒಳಮೈಯಿಂದ. ರೆಕ್ಕೆ ಒಳಕ್ಕೆ ತೆರೆಯುವ ಜಾತಿಯಾದರೆ ಲೆಕ್ಕ ತಲೆಕೆಳಗು: ಒಳಕಿಟಕಿ ತೆರೆದ ಮೇಲೂ ಹೊರರೆಕ್ಕೆ ಪೂರ್ತಿ ತಿರುಗಲು ಜಾಗ ಬೇಕು. ಇಂಥ ಕಡೆ ಒಳಕಿಟಕಿಯನ್ನು ಗೋಡೆಯ ಒಳಮೈ ಮೇಲೇ, ಸುತ್ತ ಪಟ್ಟಿ ಕೊಟ್ಟು ಕೂರಿಸುವುದೊಂದೇ ದಾರಿ.

ನಾಲ್ಕು ಬಗೆ

ಆಯಸ್ಕಾಂತದ ಅಕ್ರಿಲಿಕ್ ಹಾಳೆ. 4 ಅಥವಾ 5 ಮಿ.ಮೀ. ಪಾರದರ್ಶಕ ಹಾಳೆ, ಅಂಚಿಗೆ ಮ್ಯಾಗ್ನೆಟಿಕ್ ಪಟ್ಟಿ, ಚೌಕಟ್ಟಿಗೆ ಅದರ ಜೊತೆಗಾರ. ಗೋಡೆಗೆ ತೂತಿಲ್ಲ, ಬೇಕೆಂದಾಗ ಕಿತ್ತಿಡಬಹುದು. ಬಾಡಿಗೆ ಮನೆಗೆ ಬೇರೆ ಗತಿಯಿಲ್ಲ. ಆದರೆ ಅಕ್ರಿಲಿಕ್ ಹಗುರ. 5 ಮಿ.ಮೀ. ಹಾಳೆ ಚದರ ಮೀಟರಿಗೆ 6 ಕೆ.ಜಿ. ತೂಗಿದರೆ ಅಷ್ಟೇ ದಪ್ಪದ ಗಾಜು ಹನ್ನೆರಡೂವರೆ ಕೆ.ಜಿ. ಹಗುರ ಹಾಳೆ ಕೆಳಸ್ಥಾಯಿಯ ಸದ್ದಿಗೆ ತಾನೇ ಕುಣಿಯುತ್ತದೆ. ಹಾರ್ನು, ಮಾತು, ಬೀದಿ ನಾಯಿಯ ಬೊಗಳು ಚೆನ್ನಾಗಿ ತಗ್ಗುತ್ತದೆ, ಬಸ್ಸು ಹಾಗೇ ಉಳಿಯುತ್ತದೆ. ಪಶ್ಚಿಮದ ಕಿಟಕಿಗೆ ಹಾಕಲೇಬೇಡಿ. 20 ಡಿಗ್ರಿ ಬಿಸಿ ಏರಿದರೆ 4 ಅಡಿ ಹಾಳೆ ಒಂದೂವರೆ ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಪಟ್ಟಿಯ ಅಂಟು ಸಡಿಲಿ ಹಾಳೆ ಕಟ್ಟೆ ಮೇಲೆ ಜಾರಿ ನಿಲ್ಲುತ್ತದೆ. ಒರೆಸುವುದಕ್ಕೂ ಮೆತ್ತನೆ ಬಟ್ಟೆಯೇ ಬೇಕು. ಪೇಪರಿನಲ್ಲಿ ಉಜ್ಜಿದರೆ ಗೀರು.

ಎರಡು ಟ್ರ್ಯಾಕಿನ ಅಲ್ಯೂಮಿನಿಯಂ ಸ್ಲೈಡಿಂಗ್. ಪ್ರತಿ ಬಡಾವಣೆಯಲ್ಲೂ ಮಾಡುವವರಿದ್ದಾರೆ, ಅಗ್ಗ, ಕೋಣೆಯೊಳಗೆ ರೆಕ್ಕೆ ಚಾಚುವುದಿಲ್ಲ, ಸರಳಿನ ನಡುವೆ ಕೈ ಹಾಕಿ ಹೊರರೆಕ್ಕೆ ಎಳೆದುಕೊಳ್ಳುವುದು ಸುಲಭ. ಸದ್ದಿಗೆ ಮಾತ್ರ ನಾಲ್ಕರಲ್ಲಿ ಇದೇ ಕಡೆ. ಸರಿಯುವ ಕಿಟಕಿ ಸರಿಯಬೇಕೆಂದರೆ ಬಿಗಿಯಾಗಿರುವಂತಿಲ್ಲ. ಸುತ್ತ ಇರುವುದು ಬ್ರಷ್ಷಿನಂಥ ಊಲ್ ಪೈಲ್, ಅದರೊಳಗೆ ಗಾಳಿ ನುಗ್ಗಿದಂತೆ ಸದ್ದೂ ನುಗ್ಗುತ್ತದೆ. ಎರಡು ರೆಕ್ಕೆ ಒಂದರ ಮೇಲೊಂದು ಬರುವ ಇಂಟರ್‌ಲಾಕ್, ಕೆಳಗಿನ ನೀರಿನ ತೂತು ಎರಡೂ ಸೋರುತ್ತವೆ. ಹೊರಗಿನದಕ್ಕೆ ರಬ್ಬರ್ ಹಾಕಿಸಿ ಬಿಗಿ ಮಾಡಿದ್ದರೆ ಇದರಿಂದಲೂ ಒಂದಿಷ್ಟು ಉಪಯೋಗವಿದೆ. ಹೊರಗಿನದೂ ಸಡಿಲ, ಒಳಗಿನದೂ ಸಡಿಲ ಎಂದರೆ ದುಡ್ಡು ದಂಡ.

ಒಳಕ್ಕೆ ತೆರೆಯುವ ಕೇಸ್‌ಮೆಂಟ್. ಯುಪಿವಿಸಿ ಅಥವಾ ಅಲ್ಯೂಮಿನಿಯಂ ಸೆಕ್ಷನ್, ಎರಡು ಸುತ್ತು ಇಪಿಡಿಎಂ ಗ್ಯಾಸ್ಕೆಟ್, ಹಿಡಿ ತಿರುಗಿಸಿದರೆ ಮೂರು ನಾಲ್ಕು ಕಡೆ ಏಕಕಾಲಕ್ಕೆ ಬಿಗಿಯುವ ಮಲ್ಟಿ ಪಾಯಿಂಟ್ ಲಾಕ್. ಮಲಗುವ ಕೋಣೆಗೆ ಇದನ್ನೇ ಆರಿಸಿ. 6.38 ಲ್ಯಾಮಿನೇಟೆಡ್ ಗಾಜು ಚದರ ಮೀಟರಿಗೆ ಹದಿನೈದೂವರೆ ಕೆ.ಜಿ. ಇರುತ್ತದೆ, ಅಂದರೆ 4×3 ಅಡಿಯ ಒಂದೇ ರೆಕ್ಕೆಗೆ ಗಾಜೇ 17 ಕೆ.ಜಿ. ಎರಡು ರೆಕ್ಕೆ ಮಾಡಿಸುವುದು ಮೇಲು. ರೆಕ್ಕೆ ಜೋಲುವುದು ಇದರ ಮುಖ್ಯ ಕಾಯಿಲೆ. ಗಾಜಿನ ಕೆಳಗೆ ಹಿಂಜಿನ ಮೂಲೆಯಲ್ಲೊಂದು, ಅದರ ಕರ್ಣದ ಎದುರು ಮೇಲಿನ ಮೂಲೆಯಲ್ಲೊಂದು ಪ್ಯಾಕಿಂಗ್ ತುಂಡು ಕೊಟ್ಟು ತೂಕವನ್ನು ಹಿಂಜಿಗೆ ದಾಟಿಸದಿದ್ದರೆ ಆರು ತಿಂಗಳಿಗೆ ರೆಕ್ಕೆಯ ಕೆಳತುದಿ ಫ್ರೇಮಿಗೆ ಉಜ್ಜತೊಡಗುತ್ತದೆ. ಇನ್ನೊಂದು ತೊಡಕು ಪರದೆ ಮತ್ತು ಸೊಳ್ಳೆ ಜಾಲರಿ. ಒಳಗೆ ಈಗಾಗಲೇ ಜಾಲರಿ ಚೌಕಟ್ಟಿದ್ದರೆ ಅದನ್ನು ತೆಗೆದು, ಸರಳಿಗೂ ಒಳಕಿಟಕಿಗೂ ನಡುವೆ ಪಟ್ಟಿ ಜಾಲರಿ ಹಾಕಿಸಬೇಕು. ಇದನ್ನು ಮೊದಲೇ ಹೇಳದಿದ್ದರೆ ಕೆಲಸ ಮುಗಿದ ಸಂಜೆ ಸೊಳ್ಳೆಗಳೇ ನೆನಪಿಸುತ್ತವೆ.

ಮರದ ಎತ್ತಿಡುವ ಪ್ಯಾನೆಲ್. ಯಾರೂ ಜಾಹೀರಾತು ಕೊಡದ ಮಾಲು, ಆದರೆ ಕೊಟ್ಟ ದುಡ್ಡಿಗೆ ನಾಲ್ಕರಲ್ಲಿ ಇದೇ ಹೆಚ್ಚು ಕೆಲಸ ಮಾಡುತ್ತದೆ. ಒಣಗಿದ ತೇಗದ ಅಥವಾ ಹೊನ್ನೆಯ 2×1 ಇಂಚಿನ ಫ್ರೇಮು, 6.38 ಗಾಜು, ಹಿಂದೆ ಇಪಿಡಿಎಂ ಪಟ್ಟಿ, ಸುತ್ತ ತಿರುಗಿಸುವ ಆರು ಕೊಕ್ಕೆ. ತೆರೆಯಲಾಗುವುದಿಲ್ಲ; ಇಬ್ಬರು ಹಿಡಿದು ಎತ್ತಿಡಬೇಕು. ದಿನಾ ತೆರೆಯದ ಕಿಟಕಿಗೆ, ಮುಖ್ಯವಾಗಿ ಬೆಳಕಿಂಡಿಗೆ, ಹೇಳಿ ಮಾಡಿಸಿದ್ದು.

ಬೆಳಕಿಂಡಿಯ ಮಾತು ಬಂದದ್ದು ಒಳ್ಳೆಯದಾಯಿತು. ಕೆಳಗಿನ ಕಿಟಕಿಗೆ ಸಾವಿರಾರು ಖರ್ಚು ಮಾಡಿ, ಮೇಲಿನ ಜಾಲಿ ಬೆಳಕಿಂಡಿಯನ್ನು ಹಾಗೇ ಬಿಟ್ಟ ಮನೆಗಳೆಷ್ಟೋ. ಅದೊಂದೇ ಸಾಕು, ಉಳಿದದ್ದನ್ನೆಲ್ಲ ಕೆಡಿಸಲು. ಹಾಗೆಯೇ ಏಸಿ ಪೈಪಿನ ತೂತು, ಬಾಗಿಲ ಕೆಳಗಿನ ಸಂದಿ, ಚೌಕಟ್ಟಿಗೂ ಗೋಡೆಗೂ ನಡುವೆ ಗಾರೆ ಬಿಟ್ಟುಕೊಂಡ ಗೆರೆ. ಊದುಬತ್ತಿ ಹಚ್ಚಿ, ಫ್ಯಾನ್ ಆರಿಸಿ, ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋಗಿ. ಹೊಗೆ ಎಲ್ಲಿ ಬಾಗುತ್ತದೋ ಸದ್ದಿನ ದಾರಿ ಅಲ್ಲೇ.

ಸೌಂಡ್‌ಪ್ರೂಫ್ ಪರದೆ, ಗಾಜಿಗೆ ಅಂಟಿಸುವ ಫಿಲ್ಮು, ಬಬಲ್ ಹಾಳೆ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೂಕವಿಲ್ಲ, ಬಿಗಿಯಿಲ್ಲ. ದಪ್ಪ ಪರದೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಅಷ್ಟೇ.

ಗಾಜು

6.38 ಎಂದರೆ ಎರಡು 3 ಮಿ.ಮೀ. ಗಾಜಿನ ನಡುವೆ 0.38 ಮಿ.ಮೀ. ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಈ ಪದರ ಗಾಜಿನ ಕಂಪನವನ್ನು ತಿಂದುಹಾಕುತ್ತದೆ. ಅಕೂಸ್ಟಿಕ್ ಪಿವಿಬಿ ಎಂಬ ಇನ್ನೂ ಮೆತ್ತನೆಯ ಪದರದ ಗಾಜನ್ನು ಸೇಂಟ್ ಗೋಬೇನ್, ಎಐಎಸ್ ಎರಡೂ ಭಾರತದಲ್ಲಿ ಮಾರುತ್ತವೆ. ಮುಖ್ಯರಸ್ತೆಗೆ ಮುಖಮಾಡಿದ ಕೋಣೆಗೆ ಅದು ಲೇಸು, ಅಡ್ಡರಸ್ತೆಗೆ ಮಾಮೂಲಿ ಸಾಕು. ಒಳಗಾಜೂ ಹೊರಗಾಜೂ ಒಂದೇ ದಪ್ಪ ಬೇಡ. ಪ್ರತಿ ಗಾಜಿಗೂ ತನ್ನ ದಪ್ಪಕ್ಕೆ ತಕ್ಕಂತೆ ಒಂದು ದುರ್ಬಲ ಸ್ಥಾಯಿ ಇರುತ್ತದೆ: 3 ಮಿ.ಮೀ.ಗೆ 4000 ಹರ್ಟ್ಸ್ ಹತ್ತಿರ, 6ಕ್ಕೆ 2000 ಹತ್ತಿರ. ಎರಡೂ ಒಂದೇ ದಪ್ಪವಾದರೆ ಎರಡೂ ಒಂದೇ ಕಡೆ ಸೋಲುತ್ತವೆ.

ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಗಟ್ಟಿ ಹೌದು, ಸದ್ದಿಗೆ ಅದರಿಂದ ಹೆಚ್ಚುವರಿ ಲಾಭವೇನಿಲ್ಲ. ಕೊಟೇಶನ್ನಿನಲ್ಲಿ ಲ್ಯಾಮಿನೇಟೆಡ್ ಬರೆದು 5 ಮಿ.ಮೀ. ಟಫನ್ಡ್ ಕೂರಿಸಿ ಹೋಗುವುದು ಈ ದಂಧೆಯ ಮಾಮೂಲಿ ಕೈಚಳಕ. ಗಾಜು ಫ್ರೇಮಿಗೆ ಹೋಗುವ ಮುಂಚೆ ಅಂಚನ್ನು ನೋಡಿ. ಲ್ಯಾಮಿನೇಟೆಡ್ ಆದರೆ ನಡುವೆ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಕೂರಿಸುವಾಗ

ಹಳೇ ಕಿಟಕಿ ಬಾಯಿ ಮೂಲೆಮಟ್ಟಕ್ಕೆ ಇರುವುದು ಅಪರೂಪ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಎರಡು ಕರ್ಣ ಅಳೆದು, ಎಲ್ಲಕ್ಕಿಂತ ಚಿಕ್ಕ ಅಳತೆಯಲ್ಲಿ 10 ಮಿ.ಮೀ. ಕಳೆದು ಫ್ರೇಮು ಮಾಡಿಸಬೇಕು. ಒಂದೇ ಅಳತೆ ಬರೆದುಕೊಂಡು ಹೋಗುವ ಹುಡುಗನನ್ನು ವಾಪಸ್ ಕರೆಯಿರಿ.

ಸುಣ್ಣದ ಗಾರೆಯ ಗೋಡೆಗೆ ಹ್ಯಾಮರ್ ಡ್ರಿಲ್ ತಾಕಿಸಿದರೆ ಅಂಗೈಯಗಲ ಗಾರೆ ಕಳಚುತ್ತದೆ. ಹ್ಯಾಮರ್ ಆಫ್ ಮಾಡಿ, ಚೂಪು ಬಿಟ್ಟಿನಲ್ಲಿ, ಇಟ್ಟಿಗೆಯ ಮಧ್ಯಕ್ಕೇ ತೂತು ಹಾಕಬೇಕು. ಎರಡು ಇಟ್ಟಿಗೆಯ ಸಂದಿಗೆ ಬಿದ್ದ ಪ್ಲಗ್ ಹಿಡಿಯುವುದಿಲ್ಲ. ಮೂಲೆಯಿಂದ 150 ಮಿ.ಮೀ.ಗೆ ಮೊದಲ ಸ್ಕ್ರೂ, ಆಮೇಲೆ 400ರಿಂದ 500 ಮಿ.ಮೀ.ಗೆ ಒಂದೊಂದು, ಉದ್ದ ಕನಿಷ್ಠ 100 ಮಿ.ಮೀ. ಗೋಡೆ ತೀರಾ ಪುಡಿಯಾಗಿದ್ದರೆ ಮೊದಲು ಮರದ ಚೌಕಟ್ಟೊಂದನ್ನು ಬಾಯಿಗೆ ಬಿಗಿದು, ಯುಪಿವಿಸಿಯನ್ನು ಅದಕ್ಕೆ ಹೊಡೆಯಬಹುದು.

ಫ್ರೇಮಿನ ಸುತ್ತಲಿನ ಸಂದಿಗೆ ಪಿಯು ಫೋಮ್ ಊದಿ, ಕತ್ತರಿಸಿ, ಬಿಳಿ ಸಿಲಿಕೋನ್ ಎಳೆದು ಕೈತೊಳೆದುಕೊಳ್ಳುವುದು ರೂಢಿ. ಉಬ್ಬಿದ ಫೋಮ್ ಹಗುರ, ಸದ್ದಿಗೆ ಅದು ಗೋಡೆಯಲ್ಲ. ಆಳಕ್ಕೆ ಗಾರೆ ತುಂಬಿ, ಮೇಲಿನ ಐದಾರು ಮಿ.ಮೀ.ಗೆ ಫೋಮ್ ರಾಡ್ ಒತ್ತಿ, ಎರಡೂ ಮುಖಕ್ಕೆ ಸೀಲೆಂಟ್ ಹಾಕಬೇಕು. ಸೀಲೆಂಟ್ ನ್ಯೂಟ್ರಲ್ ಇರಲಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ತಾಗಿದರೆ ಕ್ರಮೇಣ ಪದರ ಬಿಟ್ಟು, ಅಂಚಿನಲ್ಲಿ ಹಾಲಿನ ಬಣ್ಣದ ಮಚ್ಚೆ ಮೂಡುತ್ತದೆ.

ಎರಡು ಕಿಟಕಿಯ ನಡುವಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಬೇಕು. ಹೊರಗಿನದು ಎಷ್ಟೇ ರಿಪೇರಿ ಮಾಡಿದರೂ ಇರಚಲು ಮಳೆಗೆ ನೀರು ಒಳಬರುತ್ತದೆ. ಒಳಕಿಟಕಿಯ ಫ್ರೇಮು ಅದಕ್ಕೆ ಕಟ್ಟೆ ಕಟ್ಟಿದಂತಾಗಿ ನೀರು ಮರದ ಬುಡದಲ್ಲಿ ನಿಲ್ಲುತ್ತದೆ. ಮುಂದಿನದು ಗೆದ್ದಲು. ಹೊರ ಚೌಕಟ್ಟಿನ ಕೆಳಗೆ 6 ಮಿ.ಮೀ. ತೂತು ಒಂದೆರಡು ಸಾಕು, ಅಷ್ಟಕ್ಕೆ ಸದ್ದಿನ ಲೆಕ್ಕ ಕೆಡುವುದಿಲ್ಲ. ಅದೇ ಬಾಯಿಯ ಎರಡು ಪಕ್ಕ ಮತ್ತು ಮೇಲಕ್ಕೆ 25 ಮಿ.ಮೀ. ಅಕೂಸ್ಟಿಕ್ ಫೆಲ್ಟ್ ಅಂಟಿಸಿದರೆ ನಡುವೆ ಕುಣಿಯುವ ಸದ್ದು ಹೀರಿ ಇನ್ನೊಂದೆರಡು ಡೆಸಿಬೆಲ್ ಇಳಿಯುತ್ತದೆ. ಕೆಳಗೆ ಮಾತ್ರ ಬೇಡ, ನೀರು ಕುಡಿಯುತ್ತದೆ.

ಎಷ್ಟು ನಿರೀಕ್ಷಿಸಬಹುದು

ಕಾನೂನು ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಮುಖ್ಯರಸ್ತೆಯ ಮನೆಮುಂದೆ 70 ಇರುವುದು ಏನೂ ಅಚ್ಚರಿಯಲ್ಲ. ಮುಚ್ಚಿದ ಹಳೇ ಕಿಟಕಿ 20 ತಡೆದರೆ ಒಳಗೆ 50. ರಬ್ಬರ್ ಹಾಕಿದ ಹೊರಕಿಟಕಿ, 100 ಮಿ.ಮೀ. ಅಂತರ, 6.38 ಗಾಜಿನ ಕೇಸ್‌ಮೆಂಟ್ ಮೂರೂ ಸೇರಿದರೆ ಒಳಗೆ 35ರ ಸುತ್ತಮುತ್ತ ತರುವುದು ಸಾಧ್ಯ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. 3 ಇಳಿದರೆ ಗೊತ್ತಾದರೆ ಗೊತ್ತಾಯಿತು.

ಮಾರುವವರು 42, 45 ಎಂಬ ಅಂಕಿ ಹೇಳುತ್ತಾರೆ. ಅದು ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಲ್ಯಾಬಿನಲ್ಲಿ ಪರೀಕ್ಷಿಸಿದ ಆರ್‌ಡಬ್ಲ್ಯೂ ಅಂಕಿ, ಅದೂ ಹಲವು ಸಲ ಗಾಜಿನದ್ದು ಮಾತ್ರ, ಕಿಟಕಿಯದ್ದಲ್ಲ. ವಾಹನದ ಸದ್ದಿಗೆ ತಿದ್ದಿದ ಸಿಟಿಆರ್ ಸೇರಿಸಿದ ಅಂಕಿ ಕೇಳಿ, ನಾಲ್ಕೈದು ಕಳೆಯುತ್ತದೆ. ಕೇಳಿದಾಗ ಮುಖ ನೋಡಿದರೆ ಬೇರೆ ಅಂಗಡಿಗೆ ಹೋಗಿ.

ಮುಂಚೆ, ಆಮೇಲೆ ಎರಡನ್ನೂ ಒಂದೇ ಫೋನಿನಲ್ಲಿ, ದಿಂಬಿನ ಜಾಗದಲ್ಲಿಟ್ಟು, ಅದೇ ಹೊತ್ತಿನ ಹದಿನೈದು ನಿಮಿಷದ ಸರಾಸರಿ ಅಳೆಯಿರಿ. ಫೋನಿನ ಅಂಕಿ ನಿಖರವಲ್ಲದಿದ್ದರೂ ವ್ಯತ್ಯಾಸ ನಂಬಬಹುದು. ಐಫೋನಿಗೆ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್‌ನ ಸದ್ದು ಅಳೆಯುವ ಉಚಿತ ಆ್ಯಪ್ ಇದೆ. ಕೊನೆಯ ಕಂತಿನ ಹಣ ಈ ಅಳತೆಯ ನಂತರ ಎಂದು ಮೊದಲೇ ಬರೆಸಿಕೊಂಡರೆ ಸೀಲೆಂಟ್ ಕೆಲಸ ತನ್ನಿಂತಾನೇ ಅಚ್ಚುಕಟ್ಟಾಗುತ್ತದೆ.

ಇದರಿಂದ ಆಗದ್ದೂ ಇದೆ. ನಿಂತಲ್ಲೇ ಗುರುಗುಟ್ಟುವ ಬಸ್ಸು, ಬುಲೆಟ್ಟಿನ ಡುಗುಡುಗು, ಗಣೇಶನ ಪೆಂಡಾಲಿನ ಬೇಸ್ ಇವು 100 ಹರ್ಟ್ಸಿನ ಆಚೀಚೆಯವು. ತಗ್ಗುತ್ತವೆ, ಹೋಗುವುದಿಲ್ಲ. ಮುಚ್ಚಿದ ಕೋಣೆಗೆ ಗಾಳಿಯೂ ಬೇಕು. ರಸ್ತೆಗೆ ಬೆನ್ನುಮಾಡಿದ ಹಿತ್ತಲ ಕಡೆಯ ಕಿಟಕಿಯೊಂದನ್ನು ತೆರೆದಿಡಬಹುದಾದ ಮನೆಗೆ ಈ ಚಿಂತೆಯಿಲ್ಲ. ಒಂದೇ ಕಿಟಕಿಯ ಕೋಣೆಯಾದರೆ ಒಳಗೋಡೆಗೆ ಫ್ಯಾನ್ ಹಾಕಿ ಹಜಾರದ ಗಾಳಿ ಎಳೆದುಕೊಳ್ಳುವ ಏರ್ಪಾಡು ಮೊದಲು, ಒಳಕಿಟಕಿ ಆಮೇಲೆ. ಸರಳಿನಲ್ಲಿ ತುರ್ತಿಗೆ ತೆರೆಯುವ ಗೇಟಿದ್ದರೆ ಅದರ ಮುಂದೆ ಎತ್ತಿಡುವ ಪ್ಯಾನೆಲ್ ಬೇಡ, ತೆರೆಯುವ ರೆಕ್ಕೆಯೇ ಇರಲಿ.

ಬಾಡಿಗೆ ಮನೆ, ಪೂರ್ವ ಉತ್ತರದ ಕಿಟಕಿ: ಅಕ್ರಿಲಿಕ್. ಸ್ವಂತ ಮನೆ, ರಸ್ತೆ ಪಕ್ಕದ ಮಲಗುವ ಕೋಣೆ: ಕೇಸ್‌ಮೆಂಟ್. ಬೆಳಕಿಂಡಿ, ತೆರೆಯದ ಕಿಟಕಿ: ಮರದ ಪ್ಯಾನೆಲ್. ಸ್ಲೈಡಿಂಗ್, ಕೋಣೆಯೊಳಗೆ ರೆಕ್ಕೆ ತೆರೆಯಲು ಒಂದಿಂಚೂ ಜಾಗ ಇಲ್ಲದವರಿಗೆ ಮಾತ್ರ. ರಬ್ಬರ್ ಪಟ್ಟಿ ಎಲ್ಲರಿಗೂ, ಅದೂ ಈ ವಾರವೇ.